ಪೆಟ್ಟಿಗೆಯೊಳಗಣ ಚಿತ್ರಗಾರ

ಸಿದ್ಧ ಉಡುಪನ್ನು ಕೊಂಡವನಿಗೆ ಅಳತೆಯ ಚಿಂತೆಯಿಲ್ಲ. ದರ್ಜಿಯ ಮುಂದೆ ಕೈ ಚಾಚಿ ನಿಲ್ಲುವ ಕಷ್ಟವೂ ಇಲ್ಲ. ಆದರೆ ಮೈ ಬೆಳೆದಾಗ ಅದನ್ನು ಬಿಚ್ಚಿ ಹೊಲಿಸಹೊರಟರೆ, ಒಳಗೆ ಹೆಚ್ಚಿನ ಬಟ್ಟೆಯನ್ನೇ ಬಿಟ್ಟಿಲ್ಲವೆಂಬ ಸಂಗತಿ ಆಗ ತಿಳಿಯುತ್ತದೆ. ಕಾರ್ಖಾನೆಯಲ್ಲಿಯೇ ಜೋಡಿಸಿ, ಮುಚ್ಚಿ, ಮೊಹರು ಹಾಕಿ ಕಳುಹಿಸುವ ಕಂಪ್ಯೂಟರುಗಳ ಸ್ವಭಾವವೂ ಹೆಚ್ಚುಕಡಿಮೆ ಇಂಥದೇ. ಕಚೇರಿಯ ಲೆಕ್ಕಪತ್ರ, ಟಪಾಲುಗಳಿಗೆ ಎಷ್ಟು ಬೇಕೋ ಅಷ್ಟನ್ನು ಮಾತ್ರ ತಯಾರಕನು ಅಳೆದು ಇಟ್ಟಿರುತ್ತಾನೆ. ಇದನ್ನು ಜಿಪುಣತನವೆನ್ನುವುದು ನ್ಯಾಯವಲ್ಲ. ಅಳತೆ ಬಿಗಿಯಾದುದರಿಂದಲೇ ಬೆಲೆಯೂ ಕೊಳ್ಳುವವನ ಕೈಗೆ ಎಟುಕುತ್ತದೆ. ತೊಡಕು ಹುಟ್ಟುವುದು, ಆ ಪೆಟ್ಟಿಗೆ ಕಚೇರಿಯನ್ನು ಬಿಟ್ಟು ಬೇರೆ ಬಗೆಯ ಕೆಲಸಕ್ಕೆ ಇನ್ನೊಬ್ಬರ ಮನೆಯನ್ನು ಸೇರಿದಾಗ.

ಗದಗ-ಬೆಟಗೇರಿಯ ನೇಕಾರರ ಮನೆಯೊಂದಕ್ಕೆ ಅಂಥ ಪೆಟ್ಟಿಗೆಯೊಂದು ಬಂದಿತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ, ಯಾವುದೋ ಕಚೇರಿ ಬೇಡವೆಂದು ಮಾರಿದ ಯಂತ್ರಗಳ ರಾಶಿಯಿಂದ ಆಯ್ದು ತಂದುದು ಅದು. ಆರನೆಯ ತಲೆಮಾರಿನ ಐ-೫ ಪ್ರೊಸೆಸರ್, ತೆಳ್ಳನೆಯ ಕ್ಯಾಬಿನೆಟ್, ಜೊತೆಗೊಂದು ಹಳೆಯ ಮಾನಿಟರ್. ಮನೆಯ ಯಜಮಾನನಿಗೆ ಎರಡು ವಿದ್ಯುತ್ ಮಗ್ಗಗಳು; ಮಗಳು ಅನಿಮೇಷನ್ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿನಿ. ಬ್ಲೆಂಡರ್ ಎಂಬ ತಂತ್ರಾಂಶದಲ್ಲಿ ಆಕೆ ಚಲಿಸುವ ಚಿತ್ರಗಳನ್ನು ರಚಿಸುತ್ತಿದ್ದಳು. ೨೦೦೨ರಿಂದ ಅದು ಎಲ್ಲರಿಗೂ ಮುಕ್ತವಾಗಿ ದೊರೆಯುತ್ತಿರುವುದರಿಂದ ತಂತ್ರಾಂಶಕ್ಕೆ ಕಾಸು ಖರ್ಚಿರಲಿಲ್ಲ. ಖರ್ಚಾಗುತ್ತಿದ್ದುದು ಕಾಲ.

ಪರೀಕ್ಷೆಗೆ ಒಪ್ಪಿಸಬೇಕಾದುದು ೩೦ ಸೆಕೆಂಡುಗಳ ಕಿರುಚಿತ್ರ. ಸೆಕೆಂಡಿಗೆ ೨೪ರಂತೆ ೭೨೦ ಬಿಡಿಚಿತ್ರಗಳು. ಒಂದೊಂದನ್ನು ಬಣ್ಣ, ಬೆಳಕು, ನೆರಳುಗಳೊಡನೆ ಮುಗಿಸಲು ಆ ಯಂತ್ರಕ್ಕೆ ೪೦ ನಿಮಿಷ ಹಿಡಿಯುತ್ತಿತ್ತು. ಲೆಕ್ಕ ಹಾಕಿದರೆ ೪೮೦ ಗಂಟೆ. ಎಂದರೆ ಹಗಲಿರುಳೂ ನಿಲ್ಲದೆ ೨೦ ದಿನ. ಒಪ್ಪಿಸಲು ಉಳಿದಿದ್ದುದು ಒಂದು ತಿಂಗಳು. ನಡುವೆ ಕರೆಂಟು ಹೋಗುವ ಹೊತ್ತನ್ನು ಯಾರು ಲೆಕ್ಕಕ್ಕೆ ಹಿಡಿಯಬೇಕು? ಚಿತ್ರದಲ್ಲಿ ಒಂದು ತಪ್ಪು ಕಂಡರೆ ತಿದ್ದಲು ಬಿಡುವೆಲ್ಲಿ?

ಈ ನಿಧಾನಕ್ಕೆ ಕಾರಣವನ್ನು ತಿಳಿಯುವುದು ಕಷ್ಟವೇನಲ್ಲ. ಈಗಿನ ಸಾಮಾನ್ಯ ಪರದೆಯೊಂದರ ಮೇಲೆ ಅಡ್ಡಕ್ಕೆ ೧,೯೨೦, ಉದ್ದಕ್ಕೆ ೧,೦೮೦ ಚುಕ್ಕೆಗಳು, ಒಟ್ಟು ೨೦,೭೩,೬೦೦. ಪ್ರತಿಯೊಂದು ಚುಕ್ಕೆಯ ಬಣ್ಣವನ್ನೂ ಲೆಕ್ಕ ಹಾಕಿಯೇ ತೀರಬೇಕು. ಆ ಪ್ರೊಸೆಸರಿನೊಳಗೆ ಇದ್ದುದು ನಾಲ್ಕು ಅಂಗಗಳು. ನಾಲ್ವರೂ ಘನವಿದ್ವಾಂಸರೇ, ಎಂಥ ಜಟಿಲವಾದ ಸಮಸ್ಯೆಯನ್ನು ಕೊಟ್ಟರೂ ಬಿಡಿಸಬಲ್ಲರು. ಆದರೆ ಮದುವೆಯ ಮನೆಯಲ್ಲಿ ಸಾವಿರಾರು ಎಲೆಗಳು ಬಿದ್ದಿರುವಾಗ, ಆ ನಾಲ್ವರನ್ನೇ ಪಂಕ್ತಿಯಲ್ಲಿ ಉಪ್ಪು ಬಡಿಸಲು ನಿಲ್ಲಿಸಿದರೆ ಊಟ ಮುಗಿಯುವ ಹೊತ್ತಿಗೆ ಸಂಜೆಯಾದೀತು. ಅಲ್ಲಿ ಬೇಕಾದುದು ಪಾಂಡಿತ್ಯವಲ್ಲ, ಕೈಗಳು. ಗ್ರಾಫಿಕ್ಸ್ ಕಾರ್ಡ್ ಎಂಬುದು ಅಂಥ ಸಾವಿರಾರು ಕೈಗಳ ದಂಡು. ಒಂದೊಂದು ಕೈಯೂ ಸಣ್ಣ ಲೆಕ್ಕವನ್ನಷ್ಟೇ ಬಲ್ಲುದು; ಆದರೆ ಎಲ್ಲವೂ ಒಮ್ಮೆಗೇ ದುಡಿಯುತ್ತವೆ. ೧೯೯೯ರಲ್ಲಿ ಎನ್ವಿಡಿಯಾ ಸಂಸ್ಥೆಯು ಜಿಫೋರ್ಸ್ ೨೫೬ ಎಂಬ ಕಾರ್ಡನ್ನು ಮಾರುಕಟ್ಟೆಗೆ ತಂದಾಗ, ಜಗತ್ತಿನ ಮೊದಲ ಜಿಪಿಯು ಎಂದು ಅದನ್ನು ಸಾರಿಕೊಂಡಿತು. ಆಟದ ಹುಡುಗರನ್ನು ಮೆಚ್ಚಿಸಲು ಹುಟ್ಟಿದ ಈ ವಸ್ತು ಮುಂದೆ ವಿಜ್ಞಾನಿಗಳ ಮೇಜನ್ನೂ ಏರಿದುದು ಸೋಜಿಗವೇ ಸರಿ.

ಚಿಕ್ಕ ಮಕ್ಕಳಿಗೆ ಚಿತ್ರಕಲೆ ಹೇಳಿಕೊಟ್ಟು ಕೂಡಿಸಿದ್ದ ಹಣವನ್ನು ತೆಗೆದುಕೊಂಡು ಆಕೆ ಹುಬ್ಬಳ್ಳಿಯ ಅಂಗಡಿಯೊಂದಕ್ಕೆ ಹೋದಳು. ಅಂಗಡಿಯವನು ಆರ್‌ಟಿಎಕ್ಸ್ ೩೦೬೦ ಎಂಬ ಕಾರ್ಡನ್ನು ಮುಂದಿಟ್ಟು, "ತಂಗಿ, ಇದೊಂದ ಹಾಕ್ಸಿಬಿಡ್ರಿ, ಐದ ವರ್ಷ ಹಿಂದ ತಿರುಗಿ ನೋಡೂದ ಬ್ಯಾಡ" ಎಂದನು. ಅವನ ಮಾತಿನಲ್ಲಿ ವಂಚನೆಯಿರಲಿಲ್ಲ. ೨೦೨೧ರಲ್ಲಿ ಬಂದ ಆ ಕಾರ್ಡು ನಿಜವಾಗಿಯೂ ಬಲಶಾಲಿ. ೧೨ ಜಿಬಿ ಸ್ಮೃತಿಯುಳ್ಳದ್ದು. ಆದರೆ ಅದನ್ನು ಯಾವ ಪೆಟ್ಟಿಗೆಯಲ್ಲಿ ಕೂರಿಸುವಿರಿ ಎಂದು ಅವನು ಕೇಳಲಿಲ್ಲ. ಕೇಳಬೇಕೆಂದು ಅವನಿಗೆ ತೋರಲೂ ಇಲ್ಲ. ಹಣ ಸಾಲದಾಗಿ ಆಕೆ ತಂದೆಗೆ ಫೋನು ಮಾಡಿದಳು. ನೂಲಿಗೆಂದು ಎತ್ತಿಟ್ಟಿದ್ದ ಹಣವನ್ನು ಕೊಡಲು ಆತ ಹಿಂಜರಿಯಲಿಲ್ಲ. ಒಂದೇ ಒಂದು ಮಾತನ್ನು ಕೇಳಿದನು: "ಅದು ಎಷ್ಟ ಕರೆಂಟ ಎಳೀತದವಾ?"

ಕಂಪ್ಯೂಟರಿನ ಹೆಸರು ಬಿಟ್ಟರೆ ಬೇರೇನನ್ನೂ ಅರಿಯದವನ ಪ್ರಶ್ನೆಯಿದು. ಹಿಂದೊಮ್ಮೆ ಇದ್ದ ತಂತಿಗೇ ಮೂರನೆಯ ಮಗ್ಗದ ಮೋಟಾರನ್ನು ಹೂಡಿ, ಫ್ಯೂಸು ಸುಟ್ಟು, ಎರಡು ದಿನ ಕೆಲಸವಿಲ್ಲದೆ ಕುಳಿತ ಅನುಭವ ಆತನಿಗಿತ್ತು. ಮಗಳಲ್ಲಿ ಉತ್ತರವಿರಲಿಲ್ಲ. ಬರಿಗೈಯಲ್ಲಿ ಊರಿಗೆ ಮರಳಿದಳು.

ಮನೆಗೆ ಬಂದು ಕ್ಯಾಬಿನೆಟ್ಟಿನ ಪಕ್ಕದ ತಗಡನ್ನು ತೆಗೆದಾಗ ಸಂಗತಿ ಸ್ಪಷ್ಟವಾಯಿತು. ಗೋಡೆಯ ವಿದ್ಯುತ್ತನ್ನು ಒಳಗಿನ ಭಾಗಗಳಿಗೆ ತಕ್ಕಂತೆ ಇಳಿಸಿ ಹಂಚುವ ಎಸ್‌ಎಂಪಿಎಸ್ ಪೆಟ್ಟಿಗೆಯ ಮೇಲೆ ೨೪೦ ವ್ಯಾಟ್ ಎಂದು ಬರೆದಿತ್ತು. ಪ್ರೊಸೆಸರಿಗೆ ೬೫, ಮದರ್‌ಬೋರ್ಡ್, ಡಿಸ್ಕ್, ಫ್ಯಾನುಗಳಿಗೆ ಸುಮಾರು ೪೦. ಅಂಗಡಿಯವನು ತೋರಿಸಿದ ಕಾರ್ಡು ಒಂದೇ ೧೭೦ ವ್ಯಾಟ್ ಕೇಳುತ್ತದೆ. ಕೂಡಿಸಿದರೆ ೨೭೫! ಎಸ್‌ಎಂಪಿಎಸ್ಸನ್ನೇ ಬದಲಿಸೋಣವೆಂದರೆ ಅದಕ್ಕೂ ದಾರಿಯಿರಲಿಲ್ಲ. ಇಂಟೆಲ್ ಸಂಸ್ಥೆಯು ೧೯೯೫ರಲ್ಲಿ ಎಟಿಎಕ್ಸ್ ಎಂಬ ಅಳತೆಯನ್ನು ರೂಪಿಸಿದ ಮೇಲೆ, ಬಿಡಿಯಾಗಿ ಮಾರುವ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳತೊಡಗಿದವು. ಸಿದ್ಧ ಯಂತ್ರಗಳ ತಯಾರಕರಲ್ಲಿ ಹಲವರು ಮಾತ್ರ ತಮ್ಮದೇ ಆಕಾರ, ತಮ್ಮದೇ ಬಗೆಯ ಪ್ಲಗ್ಗುಗಳನ್ನು ಇಟ್ಟುಕೊಂಡಿದ್ದಾರೆ. ಕೊಳ್ಳುವವನಿಗೆ ಇದನ್ನು ಮೊದಲೇ ತಿಳಿಸುವ ಸೌಜನ್ಯ ವಿರಳ. ಇನ್ನು ಅಗಲದ ಮಾತು: ಕ್ಯಾಬಿನೆಟ್ ತೆಳ್ಳಗಿದ್ದುದರಿಂದ ಪೂರ್ಣ ಗಾತ್ರದ ಕಾರ್ಡು ಅದರೊಳಗೆ ನಿಲ್ಲುವಂತೆಯೇ ಇರಲಿಲ್ಲ. ಆ ದಿನ ಆಕೆ ಹಣ ಕೊಟ್ಟುಬಂದಿದ್ದರೆ, ನೂಲಿನ ಹಣವೂ ಸೇರಿ ಒಂದು ರಟ್ಟಿನ ಡಬ್ಬಿಯಲ್ಲಿ ಕುಳಿತಿರುತ್ತಿತ್ತು.

ಕಾರ್ಡನ್ನು ಕೂರಿಸುವ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟು ತಾನೇ ೭೫ ವ್ಯಾಟ್‌ವರೆಗೆ ವಿದ್ಯುತ್ತನ್ನು ಕೊಡಬಲ್ಲುದು. ಅದರೊಳಗೇ ಬಾಳುವೆ ಮಾಡುವ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ಬೇರೆ ತಂತಿಯನ್ನು ಎಳೆಯಬೇಕಾಗಿಲ್ಲ. ಆಕೆ ಹುಡುಕಿದುದು ಅಂಥದನ್ನೇ. ೨೦೨೪ರಲ್ಲಿ ಬಂದ ಆರ್‌ಟಿಎಕ್ಸ್ ೩೦೫೦ರ ೬ ಜಿಬಿ ಮಾದರಿಗೆ ೭೦ ವ್ಯಾಟ್ ಸಾಕು. ಒಳಗೆ ೨,೩೦೪ ಕೈಗಳು. ತೆಳ್ಳನೆಯ ಪೆಟ್ಟಿಗೆಗೆಂದು ಅರ್ಧ ಎತ್ತರದಲ್ಲಿಯೂ ಅದನ್ನು ಮಾಡುತ್ತಾರೆ. ಕೂಡಿದ ಲೆಕ್ಕ ೧೭೫ ವ್ಯಾಟ್. ಸ್ಮೃತಿ ದೊಡ್ಡ ಕಾರ್ಡಿನ ಅರ್ಧದಷ್ಟೇ ಇರುವುದರಿಂದ ದೃಶ್ಯಗಳನ್ನು ಹಗುರಗೊಳಿಸಬೇಕಾಗುತ್ತದೆಂಬುದು ಆಕೆಗೆ ತಿಳಿದೇ ಇತ್ತು. ಬೆಲೆ ಆಕೆಯ ಸ್ವಂತ ಹಣದಲ್ಲಿಯೇ ಮುಗಿಯಿತು. ನೂಲಿನ ಹಣ ನೂಲಿಗೇ ಹೋಯಿತು. ಆಟಕ್ಕಾಗಿ ಕಾರ್ಡು ಕೊಳ್ಳುವವರ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ಹಳೆಯ ಪ್ರೊಸೆಸರು ಹೊಸ ಕಾರ್ಡಿನ ಕಾಲಿಗೆ ತೊಡರುವುದುಂಟು. ಚಿತ್ರ ಮುಗಿಸುವ ಕೆಲಸದಲ್ಲಿ ಆ ಕಾಟ ಅಷ್ಟಾಗಿಲ್ಲ.

ಜೋಡಿಸುವ ಕೆಲಸ ಅರ್ಧ ಗಂಟೆಯದು. ಯಂತ್ರವನ್ನು ಆರಿಸಿ, ಗೋಡೆಯ ಪ್ಲಗ್ಗನ್ನು ಕಿತ್ತು, ಒಳಗೆ ಉಳಿದ ವಿದ್ಯುತ್ತು ಇಳಿಯಲೆಂದು ಗುಂಡಿಯನ್ನು ಕ್ಷಣಕಾಲ ಒತ್ತಿ ಹಿಡಿದಳು. ಬಳಿಕ ಕ್ಯಾಬಿನೆಟ್ಟಿನ ಬರಿಯ ಲೋಹವನ್ನು ಮುಟ್ಟಿದಳು. ಇದು ಶಾಸ್ತ್ರಕ್ಕಾಗಿ ಮಾಡುವ ಆಚಾರವಲ್ಲ. ಒಣಹವೆಯಲ್ಲಿ ಮನುಷ್ಯನ ಮೈಯಲ್ಲಿ ಸಾವಿರಾರು ವೋಲ್ಟುಗಳ ಸ್ಥಾಯೀ ವಿದ್ಯುತ್ತು ಸೇರಿಕೊಳ್ಳಬಹುದು. ನಮ್ಮ ಬೆರಳಿಗೆ ಚುರುಕ್ಕೆನ್ನುವ ಮೊದಲೇ ಅದು ಸೂಕ್ಷ್ಮ ಭಾಗಗಳನ್ನು ಕೆಡಿಸಬಲ್ಲುದು. ಡಬ್ಬಿಯಲ್ಲಿ ಎರಡು ಅಳತೆಯ ಲೋಹದ ಪಟ್ಟಿಗಳಿದ್ದವು. ಗಿಡ್ಡನೆಯದನ್ನು ಕಾರ್ಡಿಗೆ ಬಿಗಿದು, ಸ್ಲಾಟಿನಲ್ಲಿಟ್ಟು ಮೆಲ್ಲನೆ ಒತ್ತಿದಾಗ ಕೊಂಡಿ ಟಕ್ಕೆಂದು ಕಚ್ಚಿಕೊಂಡಿತು. "ಛಲೋ ನಡೀತಿದ್ದ ಪೆಟ್ಟಿಗೀನ ಬಿಚ್ಚಿ ಕುಂತೀಯಲ್ಲವಾ" ಎಂದು ತಾಯಿ ಬಾಗಿಲಲ್ಲಿ ನಿಂತು ಪೇಚಾಡುತ್ತಿದ್ದಳು.

ತಾಯಿಯ ಮಾತು ದಿಟವಾಯಿತೇನೋ ಎನ್ನುವಂತೆ ಪರದೆ ಕಪ್ಪಾಗಿಯೇ ಉಳಿಯಿತು. ಫ್ಯಾನು ತಿರುಗುತ್ತಿದೆ, ದೀಪ ಉರಿಯುತ್ತಿದೆ. ಚಿತ್ರ ಮಾತ್ರ ಇಲ್ಲ. ಹುಡುಗಿಯ ಮುಖ ಬಿಳಿಚಿಕೊಂಡಿತು. ಹಿಂದುಗಡೆಗೆ ಬಗ್ಗಿ ನೋಡಿದಾಗ ತಿಳಿಯಿತು: ಮಾನಿಟರಿನ ತಂತಿಯನ್ನು ಅಭ್ಯಾಸಬಲದಿಂದ ಮದರ್‌ಬೋರ್ಡಿನ ಹಳೆಯ ಕಿಂಡಿಗೇ ಸಿಕ್ಕಿಸಿದ್ದಳು. ಚಿತ್ರ ಈಗ ಹೊರಡುವುದು ಹೊಸ ಕಾರ್ಡಿನಿಂದಲ್ಲವೇ? ಮಾನಿಟರು ವಿಜಿಎ ಕಾಲದ್ದು, ಕಾರ್ಡಿನಲ್ಲಿ ಇದ್ದುವು ಎಚ್‌ಡಿಎಂಐ ಬಗೆಯ ಕಿಂಡಿಗಳು. ಅದಕ್ಕೆಂದೇ ತಂದಿದ್ದ ಪರಿವರ್ತಕವನ್ನು ನಡುವೆ ಜೋಡಿಸಿದಾಗ ಪರದೆ ಬೆಳಗಿತು. ಡ್ರೈವರ್ ತಂತ್ರಾಂಶವನ್ನು ಹಾಕಿ ಮೊದಲ ಚಿತ್ರಕ್ಕೆ ಆಜ್ಞೆ ಕೊಟ್ಟಳು. ಮೂರು ನಿಮಿಷ!

೨೦ ದಿನಗಳ ಕೆಲಸ ೩೬ ಗಂಟೆಗಳಿಗೆ ಇಳಿಯಿತು. ಕಿರುಚಿತ್ರದ ವಸ್ತು ಮಗ್ಗವೇ ಆಗಿದ್ದಿತು. ಮುಗಿದ ಭಾಗವನ್ನು ಮೊದಲು ಕಂಡವನು ತಂದೆ. ಎರಡು ಸಲ ನೋಡಿ, ಪರದೆಯ ಮೇಲೆ ಬೆರಳಿಟ್ಟು, "ಹಾಸು ಬಾಯಿ ತೆರೆಯೂಕಿಂತ ಮೊದಲ ಲಾಳಿ ಹೊಂಟೈತಲ್ಲವಾ, ಎಳಿ ಎಲ್ಲಾ ಹರದ ಹೋಗ್ತಾವ" ಎಂದನು. ಆ ದೃಶ್ಯದಲ್ಲಿ ಇದ್ದುದು ೯೦ ಬಿಡಿಚಿತ್ರಗಳು. ಹಳೆಯ ಲೆಕ್ಕದಲ್ಲಾದರೆ ೬೦ ಗಂಟೆ. ಆಕೆ ಲಾಳಿಯನ್ನು ತಡೆದು ನಿಲ್ಲಿಸಿ, ಹಾಸಿನ ಎಳೆಗಳನ್ನು ಮೊದಲು ಬಿಡಿಸಿ, ರಾತ್ರಿ ಊಟಕ್ಕೆ ಏಳುವ ಮುನ್ನ ಆಜ್ಞೆ ಕೊಟ್ಟಳು. ನಸುಕಿನಲ್ಲಿ ಮಗ್ಗದ ಸದ್ದು ಏಳುವ ಹೊತ್ತಿಗೆ ತೊಂಬತ್ತೂ ಮುಗಿದಿದ್ದವು.