ಸಿಪಾಯಿಯ ಮನೆಯ ಮೌನ

ಹೊಸ ತರಗತಿಗೆ ಕಾಲಿಟ್ಟಾಗಲೆಲ್ಲ ನನಗೆ ಎದುರಾಗುವ ಮೊದಲ ಪ್ರಶ್ನೆ, “ನಿಮ್ಮ ತಂದೆಯವರು ಏನು ಮಾಡುತ್ತಾರೆ?” ಎಂಬುದು. “ಸೇನೆಯಲ್ಲಿದ್ದಾರೆ” ಎಂದೊಡನೆ ಕೇಳಿದವರ ಮುಖದಲ್ಲಿ ಗೌರವ ಮೂಡುತ್ತದೆ. ಆ ಗೌರವವನ್ನು ನಾನು ಬೇಕಾದಷ್ಟು ಸವಿದಿದ್ದೇನೆ. ಅದಕ್ಕೆ ತೆತ್ತ ಬೆಲೆಯ ಮಾತನ್ನು ಮಾತ್ರ ಇದುವರೆಗೆ ಯಾರೊಡನೆಯೂ ಆಡಿದವನಲ್ಲ.

ಏಳನೆಯ ತರಗತಿ ಮುಗಿಯುವಷ್ಟರಲ್ಲಿ ನಾನು ಐದು ಶಾಲೆಗಳನ್ನು ಕಂಡಿದ್ದೆ. ಒಬ್ಬ ಗೆಳೆಯ ದೊರೆತನೆನ್ನುವ ಹೊತ್ತಿಗೆ, ಬಿಳಿಯ ಬಣ್ಣದಲ್ಲಿ ಅಪ್ಪನ ಹೆಸರು ಬರೆದಿದ್ದ ಕಪ್ಪು ಟ್ರಂಕು ಮಂಚದ ಕೆಳಗಿನಿಂದ ಹೊರಗೆ ಬರುತ್ತಿತ್ತು. ವರ್ಗವಾಗುವ ನೌಕರರ ಮಕ್ಕಳ ಪಾಠ ಕೆಡಬಾರದೆಂದು 1963ರಲ್ಲಿ ಕೇಂದ್ರೀಯ ವಿದ್ಯಾಲಯಗಳು ಹುಟ್ಟಿಕೊಂಡುವು. ಅದು ದೊಡ್ಡ ಉಪಕಾರವೇ ಸರಿ. ಆದರೆ ಪಾಠ ಎಲ್ಲೆಡೆಯೂ ಒಂದೇ ಆಗಬಹುದು. ಗೆಳೆಯರು ಒಂದೇ ಆಗುವುದಿಲ್ಲ.

ಮುಂದೆ ಅಪ್ಪನಿಗೆ ಗಡಿಯ ಠಾಣೆಗೆ ವರ್ಗವಾಯಿತು. ಅಲ್ಲಿಗೆ ಸಂಸಾರವನ್ನು ಕರೆದೊಯ್ಯುವಂತಿಲ್ಲ. ಅಮ್ಮನೂ ನಾನೂ ಹಾಸನ ಜಿಲ್ಲೆಯ ನಮ್ಮ ಹಳ್ಳಿಗೆ ಮರಳಿದೆವು. ಬಸ್ಸು ಹೊರಡುವ ಮುನ್ನ ಅಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟು, “ಇನ್ನು ಮನೆಗೆ ನೀನೇ ಗಂಡಸು ಕಣೋ. ಅಮ್ಮನ ಕಣ್ಣಲ್ಲಿ ನೀರು ಬರಬಾರದು” ಎಂದರು. ಅವರು ಪ್ರೀತಿಯಿಂದ ಹೇಳಿದ ಮಾತನ್ನು ಹನ್ನೆರಡು ವರ್ಷದ ನಾನು ಅಪ್ಪಣೆಯೆಂದೇ ತಿಳಿದೆ.

2020ರ ಜೂನ್ 15ರಂದು ಗಾಲ್ವಾನ್ ಕಣಿವೆಯಲ್ಲಿ ನಮ್ಮ 20 ಯೋಧರು ಮಡಿದರು. ಅಪ್ಪ ಆಗ ಲಡಾಖಿನಲ್ಲಿದ್ದರು. ಲಡಾಖಿನಲ್ಲಿ ಎಲ್ಲಿ ಎಂಬುದು ನಮಗೆ ತಿಳಿಯದು. ಸೇನಾ ಅಂಚೆಯ ವಿಳಾಸದಿಂದ ಊರು ಗೊತ್ತಾಗುವುದಿಲ್ಲ. ಹದಿಮೂರು ದಿನ ಫೋನು ಬರಲಿಲ್ಲ. ಅದೇ 25ರಿಂದ ನನ್ನ ಎಸ್.ಎಸ್.ಎಲ್.ಸಿ. ಪರೀಕ್ಷೆ. ಅಮ್ಮ ಟೀವಿಯನ್ನು ಹಾಕುತ್ತಿರಲಿಲ್ಲ. ನಾನು ಏಕೆಂದು ಕೇಳುತ್ತಿರಲಿಲ್ಲ. ಒಂದೇ ಸಾಲನ್ನು ಹತ್ತು ಸಲ ಓದಿದರೂ ತಲೆಗೆ ಹತ್ತದು. ರಾತ್ರಿ ನಿದ್ದೆಯಿಲ್ಲ, ಬೆಳಗಾದರೆ ಹೊಟ್ಟೆನೋವು. ಬಾಗಿಲ ಮುಂದೆ ಯಾವುದಾದರೂ ಜೀಪು ನಿಂತಿತೆಂದರೆ ಅಂಗೈ ತಣ್ಣಗಾಗುತ್ತಿತ್ತು. ಡಾಕ್ಟರು ಹೊಟ್ಟೆಗೆ ಮಾತ್ರೆ ಕೊಟ್ಟರು. ಪಾಪ, ಅವರ ತಪ್ಪೇನು? ನಾನು ಹೇಳಿದ್ದು ಹೊಟ್ಟೆಯ ವಿಷಯವನ್ನು ಮಾತ್ರ.

ಗಣಿತದ ಪರೀಕ್ಷೆಯ ಮರುದಿನ ಅಪ್ಪನ ದನಿ ಕೇಳಿಸಿತು. “ಪರೀಕ್ಷೆ ಹೇಗಾಯ್ತು ಮಗ?” ಎಂದರು. “ಚೆನ್ನಾಗಾಯ್ತಪ್ಪ” ಎಂದೆ. ಅದು ಸುಳ್ಳು. ಆ ರಾತ್ರಿ ಅಮ್ಮ ದೀಪವಾರಿಸಿ ಅಡುಗೆಮನೆಯಲ್ಲಿ ಒಬ್ಬಳೇ ಅಳುತ್ತ ಕುಳಿತಿದ್ದಳು. ನಾನು ಪಕ್ಕದಲ್ಲಿ ಕುಳಿತು, “ನನಗೂ ಹೆದರಿಕೆಯಾಗಿತ್ತಮ್ಮ” ಎಂದೆ. “ನೀನು ಹೆದರಬಾರದೂಂತ ಕಣೋ ನಾನು ಸುಮ್ಮನಿದ್ದದ್ದು” ಎಂದಳು. ಒಬ್ಬರನ್ನೊಬ್ಬರು ಕಾಪಾಡಲೆಂದು ಇಬ್ಬರೂ ಹದಿಮೂರು ದಿನ ಒಂಟಿಯಾಗಿ ಬೆಂದಿದ್ದೆವು. ಹೊಟ್ಟೆನೋವು ಅಂದೇ ಹೋಗಲಿಲ್ಲ. ಆದರೆ ಅಂದು ನಿದ್ದೆ ಬಂದಿತು.

1965ರ ಯುದ್ಧದಲ್ಲಿ ಜನರಲ್ ಕಾರ್ಯಪ್ಪನವರ ಮಗ ಪಾಕಿಸ್ತಾನದಲ್ಲಿ ಸೆರೆಯಾದಾಗ, ಮಗನಿಗೆಂದು ವಿಶೇಷ ಉಪಚಾರವನ್ನು ಆ ತಂದೆ ಬಯಸಲಿಲ್ಲವೆಂಬುದನ್ನು ನಾವೆಲ್ಲ ಕೇಳಿದ್ದೇವೆ. ಆ ಧೈರ್ಯಕ್ಕೆ ನನ್ನ ನಮಸ್ಕಾರ. ಆದರೆ ಧೈರ್ಯವೆಂದರೆ ಭಯವೇ ಇಲ್ಲದಿರುವುದು ಎಂದು ಮಕ್ಕಳಾದ ನಾವು ತಪ್ಪು ತಿಳಿಯುತ್ತೇವೆ. ಭಯವನ್ನು ಬಾಯಿಬಿಟ್ಟು ಹೇಳುವುದಕ್ಕೂ ಧೈರ್ಯ ಬೇಕು.

ಅಪ್ಪ ರಜೆಯ ಮೇಲೆ ಬಂದಾಗಲೂ ಎಲ್ಲವೂ ಸುಗಮವಲ್ಲ. ಮನೆಯ ಲೆಕ್ಕ ನೋಡುತ್ತಿದ್ದವನು ನಾನು. ಬಂದ ಮೂರನೆಯ ದಿನವೇ ಅವರು ಅದನ್ನು ತಮ್ಮ ಕೈಗೆ ತೆಗೆದುಕೊಳ್ಳುವರು. ನನಗೆ ಸಿಟ್ಟು, ಸಿಟ್ಟು ಬಂದುದಕ್ಕೆ ನಾಚಿಕೆ. ಕಳೆದ ರಜೆಯಲ್ಲಿ ಇದನ್ನೂ ಅವರಿಗೆ ಹೇಳಿದೆ. ಅವರು ನಕ್ಕು, ಲೆಕ್ಕದ ಪುಸ್ತಕವನ್ನು ಹಿಂದಕ್ಕೆ ಕೊಟ್ಟರು.

ಮನೆಯಲ್ಲಿ ಹೇಳಲಾಗದವರಿಗೆ 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಇದೆ. 14416ಕ್ಕೆ ಫೋನು ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಆದರೆ ಅದಕ್ಕೂ ಮೊದಲು ಸಹಪಾಠಿಗಳೂ ಗುರುಗಳೂ ಇದ್ದಾರೆ. ನಿಮ್ಮ ಪಕ್ಕದಲ್ಲಿ ಕುಳಿತವನು “ಅಪ್ಪ ಸೇನೆಯಲ್ಲಿದ್ದಾರೆ” ಎಂದರೆ ಗೌರವವನ್ನು ಖಂಡಿತ ಕೊಡಿ. ಅದರ ಜೊತೆಗೆ ಇನ್ನೊಂದು ಮಾತನ್ನೂ ಕೇಳಿ: “ಕಡೆಯ ಸಲ ಅಪ್ಪನ ಫೋನು ಬಂದದ್ದು ಯಾವಾಗ?”