ಮಂಜು ಪರದೆಯದೋ, ಕಣ್ಣಿನದೋ?

ವಿಜಯಪುರ, ಧಾರವಾಡ ಸೀಮೆಯ ಕಸೂತಿಯಲ್ಲಿ ಗವಂತಿ, ಮುರಗಿ, ನೇಗಿ, ಮೆಂಥಿ ಎಂದು ನಾಲ್ಕು ಬಗೆಯ ಹೊಲಿಗೆಗಳು. ಅವುಗಳಲ್ಲಿ ಮುರಗಿಯದು ಮೆಟ್ಟಿಲು ಹತ್ತುವ ನಡಿಗೆ. ಬಟ್ಟೆಯ ಎಳೆಗಳನ್ನು ಎಣಿಸಿ ಸೂಜಿ ಚುಚ್ಚುವಾಗ ಗೋಪುರದ ಓರೆಯನ್ನು ಒಂದೇ ಸಲಕ್ಕೆ ಎಳೆದುಬಿಡುವಂತಿಲ್ಲ. ಸ್ವಲ್ಪ ಅಡ್ಡಕ್ಕೆ, ಸ್ವಲ್ಪ ಮೇಲಕ್ಕೆ, ಮತ್ತೆ ಅಡ್ಡಕ್ಕೆ ಹೀಗೆ ಸಾಗಬೇಕು. ಇಳಕಲ್ ಸೀರೆ ಉಟ್ಟವರು ನಾಲ್ಕು ಮಾರು ದೂರದಲ್ಲಿದ್ದರೆ ಅದು ಚೊಕ್ಕ ಗೋಪುರ. ಪಕ್ಕಕ್ಕೆ ಬಂದು ಕುಳಿತರೆ ಮೆಟ್ಟಿಲುಗಳ ಸಾಲು. ಇದನ್ನು ಯಾರೂ ದೋಷವೆಂದು ಹೇಳಿದ್ದಿಲ್ಲ.

ಕಂಪ್ಯೂಟರಿನ ಪರದೆಯೂ ಇಂಥದೇ ಎಳೆ ಎಣಿಸಿದ ಬಟ್ಟೆ. ಸಾಮಾನ್ಯ ಫುಲ್ ಎಚ್.ಡಿ. ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳು, ಗುಣಿಸಿದರೆ 20,73,600. ಒಂದು ಚುಕ್ಕೆಗೆ ಒಂದು ಸಲಕ್ಕೆ ಒಂದೇ ಬಣ್ಣ. ಆಟದೊಳಗಿನ ಮನೆಯ ಮಾಡಿನ ಅಂಚು ಓರೆಯಾಗಿ ಹಾದುಹೋದಾಗ ಚುಕ್ಕೆಯ ಅರ್ಧ ಭಾಗ ಹೆಂಚು, ಅರ್ಧ ಭಾಗ ಆಕಾಶ. ಯಂತ್ರವೋ ಚುಕ್ಕೆಯ ನಡುವಿನ ಒಂದೇ ಬಿಂದುವನ್ನು ನೋಡಿ ಹೆಂಚೆಂದೋ ಆಕಾಶವೆಂದೋ ತೀರ್ಪು ಕೊಟ್ಟುಬಿಡುತ್ತದೆ. ಅಲ್ಲಿಗೆ ಮೆಟ್ಟಿಲು ಹುಟ್ಟಿತು. ಕಸೂತಿಗಿಲ್ಲದ ತೊಂದರೆ ಇಲ್ಲಿ ಇನ್ನೊಂದಿದೆ: ಚಿತ್ರ ಚಲಿಸುತ್ತದೆ. ಚುಕ್ಕೆಗಿಂತ ತೆಳ್ಳಗಿರುವ ವಿದ್ಯುತ್ ತಂತಿ, ಬೇಲಿಯ ಮುಳ್ಳು, ಜೋಳದ ಗರಿ ಈ ಕ್ಷಣ ಆ ಬಿಂದುವಿಗೆ ಸಿಕ್ಕಿ, ಮರುಕ್ಷಣ ತಪ್ಪಿಸಿಕೊಂಡು, ಹೊಲದ ತುಂಬ ಮಿಂಚುಹುಳ ಬಿಟ್ಟಂತೆ ಮಿಣಮಿಣ ಎನ್ನುತ್ತದೆ.

ಇದಕ್ಕೆ ಎಂಜಿನಿಯರುಗಳು ಇಟ್ಟ ಹೆಸರು ಏಲಿಯಾಸಿಂಗ್. ಪೊಲೀಸ್ ಠಾಣೆಯ ಕಾಗದದಲ್ಲಿ ಆರೋಪಿಯ ಹೆಸರಿನ ಮುಂದೆ ಬರುವ ‘ಅಲಿಯಾಸ್’ ಇದೆಯಲ್ಲ, ಅದೇ ಶಬ್ದ. ಸೂಕ್ಷ್ಮವಾದ ವಿವರವನ್ನು ಹಿಡಿಯುವಷ್ಟು ಬಿಂದುಗಳು ಇಲ್ಲದಾಗ ಅದು ಬೇರೊಂದು ಒರಟು ವಿವರದ ವೇಷ ಹಾಕಿಕೊಂಡು ಬರುತ್ತದೆ. ಸಿನಿಮಾದಲ್ಲಿ ಜಟಕಾ ಗಾಡಿ ಮುಂದಕ್ಕೆ ಓಡುತ್ತಿದ್ದರೂ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುವುದು ಇದೇ ಮೋಸ.

ಕಂಪ್ಯೂಟರ್ ಚಿತ್ರಗಳ ಈ ತೊಡಕನ್ನು ಅಮೆರಿಕದ ಫ್ರಾಂಕ್ಲಿನ್ ಕ್ರೋ 1977ರಲ್ಲೇ ಒಂದು ಪ್ರಬಂಧದಲ್ಲಿ ಬಿಡಿಸಿ ಹೇಳಿದ್ದರು. ಮದ್ದು ಸರಳ. ಅರ್ಧ ಹೆಂಚು, ಅರ್ಧ ಆಕಾಶವಿದ್ದ ಚುಕ್ಕೆಗೆ ಎರಡರ ನಡುವಿನ ಬಣ್ಣ ಕೊಡಬೇಕು. ಆದರೆ ಅರ್ಧವೋ ಕಾಲೋ ಎಂದು ತಿಳಿಯಲು ಒಂದು ಬಿಂದುವಿನ ಬದಲು ನಾಲ್ಕೋ ಎಂಟೋ ಬಿಂದುಗಳನ್ನು ನೋಡಬೇಕಲ್ಲ, ಕೆಲಸ ಅಷ್ಟು ಪಟ್ಟು ಹೆಚ್ಚಿತು. ವಸ್ತುಗಳ ಅಂಚಿನಲ್ಲಿ ಮಾತ್ರ ಹೆಚ್ಚು ಶ್ರಮಪಟ್ಟು ಖರ್ಚು ಉಳಿಸುವ ವಿಧಾನ ಎಂ.ಎಸ್.ಎ.ಎ. ಅದೂ ಭಾರವೆನಿಸಿದವರಿಗಾಗಿ 2009ರಲ್ಲಿ ಎನ್‌ವಿಡಿಯಾದ ತಿಮೋಥಿ ಲಾಟ್ಸ್ ಎಫ್.ಎಕ್ಸ್.ಎ.ಎ. ರೂಪಿಸಿದರು. ಇದು ಚಿತ್ರ ಬರೆದು ಮುಗಿದ ಮೇಲೆ ಮೆಟ್ಟಿಲಿನಂತೆ ಕಂಡಲ್ಲೆಲ್ಲ ಬೆರಳಿನಿಂದ ಸವರಿದ ಹಾಗೆ. ಬಹಳ ಅಗ್ಗ. ಆದರೆ ಕಲ್ಲಿನ ಮೇಲಿನ ಗೀರು, ಅಂಗಡಿ ಬೋರ್ಡಿನ ಅಕ್ಷರ ಕೂಡ ಅದಕ್ಕೆ ಮೆಟ್ಟಿಲಾಗಿ ಕಂಡು, ಅವನ್ನೂ ಸವರಿಬಿಡುತ್ತದೆ. 2015ರಲ್ಲಿ ಕಂಪ್ಯೂಟರಿಗೆ ಬಂದ ಜಿ.ಟಿ.ಎ. 5ರಲ್ಲಿ ಇವೆರಡೂ ಬೇರೆ ಬೇರೆ ಸಾಲಿನಲ್ಲಿವೆ. ಒಂದನ್ನು ಇಟ್ಟು ಇನ್ನೊಂದನ್ನು ತೆಗೆದು ನೋಡಿದರೆ ವ್ಯತ್ಯಾಸ ತಾನಾಗಿ ತಿಳಿಯುತ್ತದೆ.

ಈಗಿನ ಬಹುಪಾಲು ದೊಡ್ಡ ಆಟಗಳಲ್ಲಿ ಇರುವುದು ಮೂರನೆಯ ಬಗೆ, ಟಿ.ಎ.ಎ. ಎಪಿಕ್ ಗೇಮ್ಸ್‌ನ ಬ್ರಯಾನ್ ಕಾರಿಸ್ 2014ರ ಸಿಗ್ರಾಫ್ ಸಮ್ಮೇಳನದಲ್ಲಿ ಅನ್‌ರಿಯಲ್ ಎಂಜಿನ್ 4ಕ್ಕೆ ಇದನ್ನು ಅಳವಡಿಸಿದ ಬಗೆಯನ್ನು ವಿವರಿಸಿದ್ದರು. ಉಪಾಯ ಜಾಣತನದ್ದು. ಒಂದು ಚಿತ್ರದಲ್ಲೇ ಎಂಟು ಬಿಂದು ನೋಡುವ ಬದಲು ಪ್ರತಿ ಚಿತ್ರದಲ್ಲೂ ಬಿಂದುವನ್ನು ಕೂದಲೆಳೆಯಷ್ಟು ಸರಿಸಿ, ಹಿಂದಿನ ಚಿತ್ರಗಳ ಉತ್ತರಗಳನ್ನು ಈಗಿನದರೊಡನೆ ಕೂಡಿಸಿ ಸರಾಸರಿ ತೆಗೆಯುವುದು. ಆಟಗಾರ ಸುಮ್ಮನೆ ನಿಂತಿದ್ದರೆ ಫಲ ಬಲು ಸೊಗಸು. ಓಡತೊಡಗಿದರೆ ಹಿಂದಿನ ಚಿತ್ರದ ಮರ ಈಗ ಎಲ್ಲಿರಬೇಕು ಎಂದು ಯಂತ್ರ ಲೆಕ್ಕ ಹಾಕಿ ಹೊಂದಿಸಬೇಕು. ಲೆಕ್ಕ ಚೂರು ತಪ್ಪಿದರೂ ಹಳೆಯದು ಹೊಸದರ ಮೇಲೆ ಬಿದ್ದು ಮಂಜು. ಯಂತ್ರ ಹಳೆಯದಾದಷ್ಟೂ ಮಂಜು ಹೆಚ್ಚು ಎಂಬುದನ್ನು ಗಮನಿಸಬೇಕು. ಸೆಕೆಂಡಿಗೆ 60 ಚಿತ್ರ ಬರೆಯುವ ಯಂತ್ರದಲ್ಲಿ ಎರಡು ಚಿತ್ರಗಳ ನಡುವೆ ಕುದುರೆ ಎಷ್ಟು ಮುಂದೆ ಹೋಗುತ್ತದೋ, 30 ಬರೆಯುವ ಯಂತ್ರದಲ್ಲಿ ಅದರ ಎರಡರಷ್ಟು ಹೋಗಿರುತ್ತದೆ. ಬಡವನ ಯಂತ್ರಕ್ಕೇ ಮಂಜಿನ ಕಾಟ ಜಾಸ್ತಿ.

ಇಂಥ ಒಂದು ಯಂತ್ರ ಇಂಡಿ ತಾಲ್ಲೂಕಿನ ಲಿಂಬೆ ತೋಟದ ಮನೆಯೊಂದಕ್ಕೆ ಬಂತು. ಪುಣೆಯಲ್ಲಿ ದುಡಿಯುವ ದೊಡ್ಡ ಮಗ ತಾನು ಬಳಸಿದ್ದನ್ನು, 24 ಇಂಚಿನ ಪರದೆಯ ಸಮೇತ, ತಮ್ಮನ ಓದಿಗೆಂದು ಕಳಿಸಿದ್ದ. ಪಿ.ಯು.ಸಿ. ಓದುವ ತಮ್ಮ ಓದಿದನೋ ಇಲ್ಲವೋ, ಕುದುರೆಯೇರಿ ಕಾಡು ಸುತ್ತುವ ಆಟವೊಂದನ್ನು ಮಾತ್ರ ಹಾಕಿಕೊಂಡ. ಎಂಟನೆಯ ತರಗತಿಯ ತಂಗಿ ಹಿಂದಿನ ಮಂಚದ ಮೇಲೆ ಕುಳಿತು ನೋಡುವಾಕೆ. ಎಲ್ಲ ಮಂಜು ಮಂಜು ಎಂದು ಇಬ್ಬರೂ ದೂರಿದರು. ಅಂಗಡಿಯವನು ಹೊಸ ಗ್ರಾಫಿಕ್ಸ್ ಕಾರ್ಡು ಹಾಕಿಸಿ ಎಂದ; ಅದರ ಬೆಲೆ ಕೇಳಿ ಅಪ್ಪ, ‘ಮಷೀನ್ ಚಲೋನ ಐತಿ, ಕೆಟ್ಟಿದ್ದು ಇವರ ಕಣ್ಣ’ ಎಂದು ತೀರ್ಮಾನಿಸಿದ. ಅಜ್ಜಿ ಗಜ್ಜರಿ ತಿನ್ನಿಸಲು ಶುರುಮಾಡಿದಳು. ಬೇರೆಲ್ಲ ಮನೆಗಳಂತೆಯೇ.

ಹುಡುಗನಿಗೆ ಹೊಳೆದ ಒಂದು ಸಂಗತಿ ಆ ಮನೆಯ ದುಡ್ಡು ಉಳಿಸಿತು. ಕಾಡು ಮಂಜಾಗಿದೆ, ಆದರೆ ಅದೇ ಪರದೆಯ ಮೂಲೆಯಲ್ಲಿರುವ ಗುಂಡುಗಳ ಲೆಕ್ಕ, ಮೆನುವಿನ ಅಕ್ಷರ ಇವೆಲ್ಲ ಕಡೆದಿಟ್ಟಂತೆ ಸ್ಪಷ್ಟ. ಕಣ್ಣು ಕೆಟ್ಟಿದ್ದರೆ ಎರಡೂ ಮಂಜಾಗಬೇಕಿತ್ತಲ್ಲವೇ? ಸಾಮಾನ್ಯವಾಗಿ ಆಟಗಳು ಮೊದಲು ಕಾಡು, ಕುದುರೆಗಳನ್ನು ಬರೆದು, ಅದಕ್ಕೆ ಟಿ.ಎ.ಎ. ಮುಗಿಸಿ, ಆಮೇಲೆ ಅಕ್ಷರಗಳನ್ನು ಮೇಲೆ ಅಂಟಿಸುತ್ತವೆ. ಆದ್ದರಿಂದ ಮಂಜು ಅಕ್ಷರಕ್ಕೆ ತಗಲುವುದಿಲ್ಲ. ಅಕ್ಷರವೂ ಮಸುಕಾಗಿದ್ದರೆ ಪರದೆಯ ಸ್ವಂತ ಅಳತೆ ಬಿಟ್ಟು ಬೇರೆ ಅಳತೆ ಇಟ್ಟಿರಬಹುದು. ಅದನ್ನು ಮೊದಲು ಸರಿಪಡಿಸಬೇಕು.

ಸೆಟ್ಟಿಂಗ್ ತೆರೆದು ನೋಡಿದರೆ ಮಂಜು ಒಂದು ಕಡೆಯಿಂದ ಬಂದದ್ದಲ್ಲ. ಟಿ.ಎ.ಎ. ಜೊತೆಗೆ ಎಫ್.ಎಕ್ಸ್.ಎ.ಎ. ಕೂಡ ಚಾಲೂ ಇತ್ತು, ಸವರಿದ್ದರ ಮೇಲೆ ಮತ್ತೆ ಸವರಿದಂತೆ. ಮೋಷನ್ ಬ್ಲರ್ ಚಾಲೂ ಇತ್ತು. ಚಿತ್ರವನ್ನು ಸಣ್ಣದಾಗಿ ಬರೆದು ಹಿಗ್ಗಿಸಿ ತೋರಿಸುವ ಅಳತೆಯೂ ನೂರಕ್ಕಿಂತ ಕೆಳಗಿತ್ತು. ಹುಡುಗ ಸಿಟ್ಟಿನಿಂದ ಎಲ್ಲವನ್ನೂ ಆರಿಸಿದ. ಆಗ ಕಾಡೇನೋ ಚೂಪಾಯಿತು, ಕುದುರೆಯ ಬಾಲ ಮಾತ್ರ ಹುಳ ಹತ್ತಿದ ಹಾಗೆ ಚುಕ್ಕೆ ಚುಕ್ಕೆ, ದೂರದ ಹುಲ್ಲು ಕಣ್ಣಿಗೆ ಚುಚ್ಚುವಂತೆ ಮಿಣಮಿಣ. ಹೊಸ ಆಟಗಳಲ್ಲಿ ಕೂದಲು, ಎಲೆಗಳನ್ನು ಟಿ.ಎ.ಎ. ಇರುತ್ತದೆಂದು ನಂಬಿಯೇ ಬರೆದಿರುತ್ತಾರೆ. ಅದನ್ನು ಪೂರ್ತಿ ತೆಗೆದರೆ ಗೋಡೆಯ ಗಾರೆ ಕೆತ್ತಿ ಇಟ್ಟಿಗೆ ನೋಡಿದ ಹಾಗೆ. ಕೊನೆಗೆ ಟಿ.ಎ.ಎ. ಮರಳಿ ಬಂತು, ಉಳಿದವು ಹೊರಗೇ ಉಳಿದವು, ಅಳತೆ ನೂರಕ್ಕೆ ಏರಿತು. ಶಾರ್ಪನಿಂಗ್ ಪಟ್ಟಿಯನ್ನು ಅರ್ಧಕ್ಕೆ ಸರಿಸಿದ. ಪೂರ್ತಿ ಏರಿಸಿದರೆ ಮರದ ಸುತ್ತ ಸುಣ್ಣದ ಗೆರೆ ಎಳೆದಂತೆ ಬಿಳಿ ಅಂಚು ಬರುತ್ತದೆ. ನೆರಳು ಮತ್ತು ನೀರಿನ ಗುಣಮಟ್ಟ ಇಳಿಸಿದ್ದರಿಂದ ಯಂತ್ರಕ್ಕೆ ಉಸಿರು ಬಂದು, 30ರ ಸುತ್ತ ಕುಂಟುತ್ತಿದ್ದುದು 45ರ ಹತ್ತಿರ ಓಡಿತು. ಮಂಜು ಮುಕ್ಕಾಲು ಪಾಲು ಹೋಯಿತು. ಕಾರ್ಡಿನ ಮಾತು ನಿಂತಿತು.

ಮಂಚದ ಮೇಲಿದ್ದ ತಂಗಿ ಮಾತ್ರ, ‘ಎಲ್ಲಿ ಹೋಗೇತಿ? ಹಂಗ ಐತಿ’ ಎಂದಳು.

ಅಣ್ಣ ನಕ್ಕ. ಅವನ ಗುಂಡಿನ ಲೆಕ್ಕ ಎಷ್ಟಿದೆ ಓದು ಎಂದರೆ ಅವಳಿಗೆ ಅದೂ ಮಂಜು. ಅಷ್ಟಾದರೂ ಮನೆಯವರು ಒಂದು ವಾರ ಅದನ್ನು ಹಟವೆಂದೇ ತಿಳಿದರು. ಪುಸ್ತಕ ಸರಾಗವಾಗಿ ಓದುತ್ತಾಳೆ, ತರಗತಿಯಲ್ಲಿ ಮೊದಲ ಬೆಂಚಿನವಳು, ಕಣ್ಣಿಗೇನಾಗಿದೆ? ಸಂತೆಗೆಂದು ವಿಜಯಪುರಕ್ಕೆ ಹೋದಾಗ ಬಸ್ ನಿಲ್ದಾಣದಲ್ಲಿ ಅಣ್ಣ ಅವಳನ್ನು ದೂರ ನಿಲ್ಲಿಸಿ ಬೋರ್ಡುಗಳನ್ನು ಓದಿಸಿದ. ಇಂಡಿ ಸರಿ. ಬಸವನ ಬಾಗೇವಾಡಿಯೂ ಸರಿ. ಮುದ್ದೇಬಿಹಾಳದ ಬಸ್ಸನ್ನು ಸಿಂದಗಿಯದೆಂದಳು. ಕೇಳಿದರೆ, ಅಕ್ಷರ ಕಾಣುವುದಿಲ್ಲ, ಹೆಸರು ಎಷ್ಟು ಉದ್ದ ಇದೆಯೆಂದು ನೋಡಿ ಹೇಳುತ್ತೇನೆ ಎಂದಳು. ಎಷ್ಟು ವರ್ಷದಿಂದ ಹಾಗೆ ಹೇಳುತ್ತಿದ್ದಳೋ! ಸಣ್ಣದು ಇಂಡಿ, ಎರಡು ಪದದ್ದು ಬಾಗೇವಾಡಿ, ನಡುವಿನವು ಊಹೆ.

ಕಣ್ಣಿನ ಡಾಕ್ಟರು ಎರಡೂವರೆ ಮೈನಸ್ ಎಂದು ಬರೆದರು. 1ನ್ನು 2.5ರಿಂದ ಭಾಗಿಸಿದರೆ 0.4, ಅಂದರೆ ಅವಳ ಲೋಕ 40 ಸೆಂಟಿಮೀಟರಿನ ಆಚೆ ಮಂಜು. ಪುಸ್ತಕ ಈಚೆ ಇತ್ತು, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ.

ಆರೋಗ್ಯವಂತ ಕಣ್ಣು ಒಂದು ಅಂಶದ ಅರವತ್ತನೇ ಒಂದು ಭಾಗದಷ್ಟು ಸಣ್ಣ ಕೋನವನ್ನು ಬಿಡಿಸಿ ನೋಡಬಲ್ಲದು. 24 ಇಂಚಿನ ಫುಲ್ ಎಚ್.ಡಿ. ಪರದೆಯ ಚುಕ್ಕೆ ಸುಮಾರು 0.28 ಮಿಲಿಮೀಟರ್, ಮೂರು ಅಡಿಗಿಂತ ಸ್ವಲ್ಪ ಹಿಂದೆ ಸರಿದರೆ ಚುಕ್ಕೆಗಳು ಬೆರೆತು ಮೆಟ್ಟಿಲು ಮಾಯ, ಎರಡು ಅಡಿಗೆ ಬಂದರೆ ಪ್ರತ್ಯಕ್ಷ. ಕನ್ನಡಕ ಬಂದ ದಿನ ತಂಗಿ ಮಂಚ ಬಿಟ್ಟು ಕುರ್ಚಿಯನ್ನು ಎರಡು ಅಡಿಗೆ ಎಳೆದುಕೊಂಡು ಕುಳಿತಳು. ಸ್ವಲ್ಪ ಹೊತ್ತು ನೋಡಿ, ದೂರದ ಮನೆಯ ಮಾಡಿನತ್ತ ಬೆರಳು ಮಾಡಿ, ‘ಅಣ್ಣಾ, ಇಲ್ಲಿ ಮೆಟ್ಟಿಲ ಅದಾವ ನೋಡು’ ಎಂದಳು. ಅಣ್ಣ ಬಗ್ಗಿ ನೋಡಿ ಮತ್ತೆ ಸೆಟ್ಟಿಂಗ್ ತೆರೆದ.