ಸೆರಗಿನ ಬಣ್ಣ

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡೆಂದು ಹಿರಿಯರು ಹೇಳಿದ್ದಾರೆ. ಗಣಕದ ಪರದೆಯ ಮುಂದೆ ಕುಳಿತು ಬಣ್ಣಗಳನ್ನು ನಂಬಿ ಕೆಟ್ಟವನಿಗೆ ಈ ಗಾದೆಯ ಅರ್ಥ ಬಲು ಬೇಗ ತಿಳಿಯುತ್ತದೆ.

ಒಬ್ಬ ಗೃಹಸ್ಥ ತೀರಿಕೊಂಡ ತಾಯಿಯ ಹಳೆಯ ಬಣ್ಣದ ಛಾಯಾಚಿತ್ರವನ್ನು ತನ್ನ ಗಣಕದಲ್ಲಿ ತಿದ್ದುತ್ತಿದ್ದ. ಮಾಸಿಹೋಗಿದ್ದ ಚಿತ್ರದಲ್ಲಿ ಆಕೆ ಉಟ್ಟಿದ್ದುದು ನವಿಲುಗೊರಳಿನ ಬಣ್ಣದ ರೇಷ್ಮೆ ಸೀರೆ. ಪರದೆಯ ಮೇಲೆ ಸೊಗಸಾಗಿ ಮೂಡಿದ ಆ ಬಣ್ಣ ಅಚ್ಚಾಗಿ ಬಂದಾಗ ಬೇರೆಯೇ ಆಗಿತ್ತು. ತಂದೆ ಅದನ್ನು ಕೈಗೆತ್ತಿಕೊಂಡು ನೋಡಿ, "ಇದು ಅವಳ ಸೀರೆಯಲ್ಲ ಕಣೋ" ಎಂದಷ್ಟೇ ಹೇಳಿ ಮೇಜಿನ ಮೇಲಿಟ್ಟರು. ವರ್ಷದ ತಿಥಿಗೆ ಇನ್ನು ಹತ್ತೇ ದಿನ ಉಳಿದಿತ್ತು.

ದೋಷ ಪರದೆಯದು. ಅದನ್ನು ಹದಗೊಳಿಸಲು ಆತ ಒಂದು ವರ್ಣಮಾಪಕವನ್ನು ತಂದ. ಗ್ರೇಮ್ ಗಿಲ್ ಎಂಬವರು ರಚಿಸಿರುವ 'ಆರ್ಗಿಲ್' ಎಂಬ ಉಚಿತ ತಂತ್ರಾಂಶವನ್ನು ತನ್ನ ಲಿನಕ್ಸ್ ಗಣಕದಲ್ಲಿ ಇಳಿಸಿಕೊಂಡ. ಒತ್ತಲು ಗುಂಡಿಗಳಿಲ್ಲದ, ಆಜ್ಞೆಗಳನ್ನು ಅಕ್ಷರಶಃ ಬೆರಳಚ್ಚಿಸಿ ನಡೆಸಬೇಕಾದ ತಂತ್ರಾಂಶವದು. 'ಡಿಸ್ಪ್‌ಕ್ಯಾಲ್' ಪರದೆಯ ಬಿಳುಪನ್ನೂ ನಡುಛಾಯೆಗಳನ್ನೂ ಹದಕ್ಕೆ ತರುತ್ತದೆ. 'ಡಿಸ್ಪ್‌ರೀಡ್' ಬಣ್ಣದ ಚೌಕಗಳನ್ನು ಒಂದೊಂದಾಗಿ ಅಳೆಯುತ್ತದೆ. 'ಕೋಲ್‌ಪ್ರಾಫ್' ಆ ಅಳತೆಗಳಿಂದ ಪರದೆಯ ಜಾತಕವನ್ನು ಬರೆಯುತ್ತದೆ.

ಮೊದಲ ದಿನ ಮಾಪಕವೇ ತೆರೆದುಕೊಳ್ಳಲಿಲ್ಲ. ಆತ ತಂತಿಯನ್ನು ಶಂಕಿಸಿದ, ಕಿಂಡಿಯನ್ನು ಬದಲಿಸಿದ, ಫಲವಿಲ್ಲ. ಕೊನೆಗೆ ಗಣಕದ ಮೇಲಧಿಕಾರಿಯ ಹಕ್ಕಿನಿಂದ ಅದೇ ಆಜ್ಞೆ ಕೊಟ್ಟಾಗ ಮಾಪಕ ಕೂಡಲೇ ಓಗೊಟ್ಟಿತು. ಕೆಟ್ಟಿದ್ದುದು ಮಾಪಕವಲ್ಲ, ಸಾಮಾನ್ಯ ಬಳಕೆದಾರನಿಗೆ ಅದನ್ನು ಮುಟ್ಟುವ ಅನುಮತಿ ಇರಲಿಲ್ಲ. ತಂತ್ರಾಂಶದ ಜೊತೆಯಲ್ಲೇ ಬಂದಿದ್ದ ನಿಯಮಗಳ ಕಡತವನ್ನು ಅದರ ಸ್ಥಾನದಲ್ಲಿಟ್ಟು, ತಂತಿಯನ್ನು ಕಿತ್ತು ಮತ್ತೆ ಸಿಕ್ಕಿಸಿದ ಮೇಲೆ ಆ ತೊಡಕು ಬಿಡಿಸಿತು.

ಎರಡನೆಯ ದಿನ ಒಂದು ಅಳತೆಗೆ ಇನ್ನೊಂದು ಹೊಂದಲಿಲ್ಲ. ಪರದೆ ಬೆಚ್ಚಗಾಗಲು ಅರ್ಧ ಗಂಟೆಯಾದರೂ ಬೇಕು. ಆತನೋ ಹೊತ್ತಿಸಿದೊಡನೆ ಅಳೆಯಲು ಕುಳಿತಿದ್ದ. ಅಲ್ಲದೆ, ಕೋಣೆಯ ಬೆಳಕಿಗೆ ತಕ್ಕಂತೆ ತಾನೇ ಕಾಂತಿಯನ್ನು ಬದಲಿಸಿಕೊಳ್ಳುವ ಏರ್ಪಾಡೂ ಆ ಪರದೆಯಲ್ಲಿತ್ತು. ಅದನ್ನು ನಿಲ್ಲಿಸಿ, ತಾಳ್ಮೆಯಿಂದ ಕಾದು ಅಳೆದಾಗ ಅಂಕಿಗಳು ಸ್ಥಿರವಾದವು.

ಮೂರನೆಯ ದಿನ ಬಿಳುಪು 6500 ಕೆಲ್ವಿನ್, ಗ್ಯಾಮಾ 2.2 ಎಂದು ಗೊತ್ತುಪಡಿಸಿ ಕೆಲಸ ಮುಗಿಸಿದ. ಆದರೆ ದೀಪ ಹಚ್ಚುವ ಹೊತ್ತಿಗೆ ಪರದೆಯೆಲ್ಲ ಅರಿಸಿನದ ನೀರಾಯಿತು! ಕಣ್ಣಿಗೆ ತಂಪಾಗಲೆಂದು ಇರುಳಿನಲ್ಲಿ ನೀಲಿಯನ್ನು ತಗ್ಗಿಸುವ ಬೇರೊಂದು ವ್ಯವಸ್ಥೆ ಹಾಕಿದ ತಿದ್ದುಪಡಿಯನ್ನು ಅಳಿಸಿಹಾಕಿತ್ತು. ಅದನ್ನು ನಿಲ್ಲಿಸಿ, 'ಡಿಸ್ಪ್‌ವಿನ್' ಆಜ್ಞೆಯಿಂದ ತಿದ್ದುಪಡಿಯನ್ನು ಮತ್ತೆ ತುಂಬಿಸಿ, ಅದು ನೆಲೆ ನಿಂತಿತೇ ಎಂದು ಪರೀಕ್ಷಿಸಿದ.

ಇಷ್ಟಾದರೂ ಮನೆಯವರಿಗೆ ಸಮಾಧಾನವಿಲ್ಲ. "ಮೊದಲೇ ಚೆನ್ನಾಗಿತ್ತು, ಈಗ ಮಾಸಲಾಗಿ ಕಾಣುತ್ತದೆ" ಎಂದಳು ಹೆಂಡತಿ. ಆತನಿಗೂ ಹಾಗೆಯೇ ತೋರಿತು. ವರ್ಷಗಟ್ಟಲೆ ನೀಲಿಗೆ ಒಗ್ಗಿದ ಕಣ್ಣಿಗೆ ನಿಜವಾದ ಬಿಳುಪೇ ಹಳದಿ. ತಪ್ಪು ಅಭ್ಯಾಸವಾದ ಮೇಲೆ ಸರಿಯಾದುದೇ ತಪ್ಪಾಗಿ ಕಾಣುವುದು ಕಣ್ಣಿಗೆ ಮಾತ್ರ ಬಂದ ದೋಷವೇನೂ ಅಲ್ಲ.

ಮಾತಿನಿಂದ ತೀರದ ವಿವಾದವನ್ನು ತಂದೆ ತೀರಿಸಿದರು. ಮರುದಿನ ಬೆಳಿಗ್ಗೆ ಪೆಟ್ಟಿಗೆಯಿಂದ ಆ ಸೀರೆಯನ್ನೇ ತೆಗೆದುತಂದು, ಕಿಟಕಿಯ ಬೆಳಕಿನಲ್ಲಿ ಸೆರಗನ್ನು ಪರದೆಯ ಪಕ್ಕಕ್ಕೆ ಹಿಡಿದರು. ಮಗ ಅದನ್ನು ನೋಡುತ್ತ ಚಿತ್ರದ ಬಣ್ಣವನ್ನು ಅಷ್ಟಷ್ಟಾಗಿ ತಿದ್ದಿದ. ಒಂದು ಕ್ಷಣದಲ್ಲಿ ತಂದೆ, "ಸಾಕು, ಅಲ್ಲೇ ನಿಲ್ಲಿಸು" ಎಂದರು.

ಈ ಸಲ ಅಚ್ಚು ಹುಸಿಯಾಗಲಿಲ್ಲ. ತಿಥಿಯ ದಿನ ಚಿತ್ರ ಗೋಡೆಯನ್ನೇರಿತು. ಸೀರೆಯನ್ನು ಮಡಿಸಿ ಪೆಟ್ಟಿಗೆಯಲ್ಲಿಡಲು ಮಾತ್ರ ಅಂದು ತಂದೆಗೆ ಬಹಳ ಹೊತ್ತು ಹಿಡಿಯಿತು.